ಅಮ್ಮ ಹಾರ್ಲನ್ ಎಂದು ಕರೆದವನು

"ಹಾರ್ಲನ್! ಬಂದ್ಯಾ... ಕೊನೆಗೂ ಬಂದ್ಯಾ!"

ಲೆಟ್ಟಿ ಕೈಚೀಲವನ್ನು ಜೆಟ್ಟಿಯ ಹಲಗೆಯ ಮೇಲೇ ಬಿಟ್ಟು ಓಡಿದಳು. ಅರವತ್ತೆಂಟರ ಮೊಣಕಾಲು ನೋವು ಆ ಕ್ಷಣ ಅವಳಿಗೆ ನೆನಪೇ ಆಗಲಿಲ್ಲ. ದೋಣಿಯ ಹಿಂಭಾಗದಲ್ಲಿ ಹಗ್ಗ ಸುತ್ತುತ್ತಾ ನಿಂತಿದ್ದ ಗಂಡಸಿನ ಎದೆಗೆ ಮುಖ ಒತ್ತಿ ಬಿಕ್ಕಿದಳು.

ಹಿಂದೆ ನಿಂತಿದ್ದ ಮಗಳು ಕೋರಾ ಕಲ್ಲಾಗಿಬಿಟ್ಟಳು.

ಅವಳ ಅಪ್ಪ ಹಾರ್ಲನ್ ಬೆಲ್ಲಮಿ ಸತ್ತು ಎರಡು ವರ್ಷವಾಗಿತ್ತು. ಈ ಮನುಷ್ಯನನ್ನು ಅವಳು ಹಿಂದೆಂದೂ ನೋಡಿಯೇ ಇರಲಿಲ್ಲ!

ನಲವತ್ತರ ಆಸುಪಾಸಿನವನು. ಬಿಸಿಲಿಗೆ ಸುಟ್ಟ ಮುಖ, ಮಾಸಿದ ಹಳದಿ ಮಳೆಕೋಟು. ಎದೆಗೊರಗಿದ ಮುದುಕಿಯ ತಲೆಯ ಮೇಲಿಂದ ಅವನು ಕೋರಾಳ ಕಡೆ ನೋಡಿದ. ಪ್ರಶ್ನೆ ಕೇಳಲಿಲ್ಲ. ನಿಧಾನಕ್ಕೆ ಹಗ್ಗ ಕೆಳಗಿಟ್ಟು, ಲೆಟ್ಟಿಯ ಬೆನ್ನ ಮೇಲೆ ಕೈಯಿಟ್ಟ.

"ಬಂದೆ... ಗಾಳಿ ತಣ್ಣಗಿದೆ, ಒಳಗೆ ಹೋಗಿ ಕೂತ್ಕೋ. ಕಾಫಿ ಇಟ್ಟಿದೀನಿ."

ಲೆಟ್ಟಿ ಮಗುವಿನಂತೆ ತಲೆಯಾಡಿಸಿ ಒಳಗೆ ಹೋದಳು. ಕೋರಾ ಒಂದೇ ಹೆಜ್ಜೆಗೆ ದೋಣಿಗೆ ಹಾರಿದಳು.

"ಯಾರ್ರೀ ನೀವು?"

"ಅಮೋಸ್ ಗಿಲ್ಲಿಕಿನ್, ಮೇಡಂ. ನೀವು ಗೊತ್ತು ಮಾಡಿದ್ದ ಕ್ಯಾಪ್ಟನ್ ಬೆನ್ನು ಹಿಡ್ಕೊಂಡು ಮಲಗಿದಾರೆ. ನನ್ನ ಕಳಿಸಿದ್ರು."

"ನಮ್ಮಮ್ಮನಿಗೆ ಯಾಕೆ ಸುಳ್ಳು ಹೇಳಿದ್ರಿ?"

"ನಾನು ಹಾರ್ಲನ್ ಅಂತ ಎಲ್ಲಿ ಹೇಳಿದೆ? ಬಂದೆ ಅಂದೆ. ಬಂದಿದೀನಲ್ಲ."

ಕೋರಾಳ ಕಣ್ಣು ಉರಿಯಿತು. ಇವನನ್ನು ಈಗಲೇ ಇಳಿಸಿಬಿಡಬೇಕು... ಆದರೆ ನವೆಂಬರ್ ಮುಗಿಯುತ್ತಾ ಬಂದಿತ್ತು. ಗ್ರೇಟ್ ಬ್ರಿಜ್‌ ಎಂಬ ಆ ಊರಿನಲ್ಲಿ ಕಟ್ಟಿದ್ದ ದೋಣಿಗಳೆಲ್ಲ ಚಳಿಗೆ ಮುಂಚೆಯೇ ದಕ್ಷಿಣಕ್ಕೆ ಹೊರಟು ಹೋಗಿದ್ದವು. ಈ ಹೊತ್ತಿನಲ್ಲಿ ಇನ್ನೊಬ್ಬ ಕ್ಯಾಪ್ಟನ್ ಎಲ್ಲಿ ಸಿಗಬೇಕು?

ಹಾರ್ಲನ್ ಮೂವತ್ತು ವರ್ಷ ಕರಾವಳಿಗುಂಟ ಸಾಗುವ ಇದೇ ಜಲಮಾರ್ಗದಲ್ಲಿ, ಸರಕು ದೋಣಿಗಳನ್ನು ಎಳೆಯುವ ಟಗ್ ದೋಣಿ ನಡೆಸಿದವನು. ತಿಂಗಳಿಗೆ ಎರಡು ದಿನ ಮನೆ. ಬಂದಾಗಲೆಲ್ಲ ಹೆಂಡತಿಗೆ ಒಂದೇ ಮಾತು: 'ರಿಟೈರ್ ಆಗಲಿ ಲೆಟ್ಟಿ, ನಿನ್ನ ಊರು ಜಾರ್ಜ್‌ಟೌನ್‌ವರೆಗೂ ದೋಣೀಲಿ ಕರ್ಕೊಂಡು ಹೋಗ್ತೀನಿ. ದಾರೀಲಿ ಒಂದೊಂದು ಊರಲ್ಲೂ ಇಳಿಸ್ತೀನಿ.' ರಿಟೈರ್ ಆದ, ಈ ಹಳೆಯ ಮರದ ದೋಣಿ ಕೊಂಡ, ಮೂರೇ ತಿಂಗಳಿಗೆ ಹೃದಯ ನಿಂತುಹೋಯಿತು.

ಆಮೇಲೆ ಲೆಟ್ಟಿಯ ನೆನಪು ಒಂದೊಂದಾಗಿ ಉದುರತೊಡಗಿತು. ಮೊದಲು ಬೀಗದ ಕೈ, ಆಮೇಲೆ ಬೀದಿಯ ಹೆಸರು, ಆಮೇಲೆ ಗಂಡ ಸತ್ತ ಸಂಗತಿ...

ಕೋರಾಗೆ ಮೂವತ್ತೇಳು. ನಾರ್ಫೋಕ್‌ನಲ್ಲಿ ಕಟ್ಟುಹಲ್ಲು ಮಾಡುವ ಕೆಲಸ. ಅವಳನ್ನು ಮದುವೆಯಾಗಬೇಕಿದ್ದವನು ಆರು ತಿಂಗಳು ಕಾದು, ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದ. ಅಣ್ಣ ಎವರೆಟ್ ಷಾರ್ಲಟ್‌ನಿಂದ ವಾರಕ್ಕೊಮ್ಮೆ ಫೋನ್ ಮಾಡಿ, "ಅಮ್ಮನ್ನ ಯಾವುದಾದ್ರೂ ಆಶ್ರಮಕ್ಕೆ ಸೇರಿಸು" ಎನ್ನುತ್ತಿದ್ದ. 'ನಾನು ಬದುಕಿರೋವರೆಗೂ ಇಲ್ಲ' ಎಂದು ಕೋರಾ ಹಟ ಹಿಡಿದಿದ್ದಳು. ಅಮ್ಮನ ತಲೆಯಲ್ಲಿ ಇನ್ನೂ ಏನಾದರೂ ಉಳಿದಿರುವಾಗಲೇ ಅಪ್ಪ ಹೇಳಿದ್ದ ಊರುಗಳನ್ನು ತೋರಿಸಬೇಕೆಂದು ರಜೆ ಹಾಕಿ ಹೊರಟಿದ್ದಳು.

"ದಾರಿಯುದ್ದಕ್ಕೂ ನೀವು ಅಮೋಸ್. ಅಮ್ಮ ಏನೇ ಕರೀಲಿ, ನೀವು ಅಮೋಸ್. ಅರ್ಥವಾಯ್ತಾ?"

"ಆಯ್ತು ಮೇಡಂ," ಎಂದ ಅವನು. ಒಳಗಿನಿಂದ ಲೆಟ್ಟಿಯ ಕೂಗು ಕೇಳಿಸಿತು: "ಹಾರ್ಲನ್, ಸಕ್ಕರೆ ಎಲ್ಲಿಟ್ಟಿದೀಯಾ?"

"ಎಡಗಡೆ ಡಬ್ಬೀಲಿ!" ಎಂದು ಓಗೊಟ್ಟೇ ಬಿಟ್ಟ!

* * *

ಆಕಾಶ ಬೂದಿ ಬಣ್ಣ, ನೀರು ಚಹಾದ ಕಂದು. ಎರಡೂ ದಂಡೆಯಲ್ಲಿ ಒಣಗಿದ ಜೌಗು ಹುಲ್ಲು. ಮೂರು ದಿನ ಸೂರ್ಯನ ಮುಖವೇ ಕಾಣಲಿಲ್ಲ. ಅಮೋಸ್ ಚುಕ್ಕಾಣಿ ಹಿಡಿದರೆ ಗಂಟೆಗಟ್ಟಲೆ ಮಾತಿಲ್ಲ. ಅವನ ಪಕ್ಕದ ಎತ್ತರದ ಕುರ್ಚಿಯಲ್ಲಿ ಲೆಟ್ಟಿ, ಮೊಣಕಾಲ ಮೇಲೆ ಕಂಬಳಿ. ಕೆಂಪು, ಹಸಿರು ಗುರುತುಕಂಬಗಳನ್ನು ಬೆರಳಲ್ಲಿ ಎಣಿಸುತ್ತಾ ಕೂರುತ್ತಿದ್ದಳು.

ಅಮ್ಮ ಇಷ್ಟು ನೆಮ್ಮದಿಯಾಗಿ ಕೂತು ಎಷ್ಟು ಕಾಲವಾಯಿತು... ಕೋರಾಗೆ ಅದೂ ಚುಚ್ಚಿತು.

ನಾಲ್ಕನೆಯ ದಿನ ಬೆಲ್‌ಹೇವನ್ ಊರಲ್ಲಿ ಇಳಿದರು. ಮುಖ್ಯ ಬೀದಿಯ ಅರ್ಧ ಅಂಗಡಿಗಳಿಗೆ ಬೀಗ. ತೆರೆದಿದ್ದ ಒಂದೇ ಹೋಟೆಲಿನಲ್ಲಿ ಸಿಂಪಿಯ ಗಂಜಿ, ಬಿಸಿ ಜೋಳದ ಬ್ರೆಡ್ಡು. ಬಡಿಸುವವಳು ಬಾಯಿಜೋರಿನ ಹೆಂಗಸು.

"ಇವರು ನನ್ನ ಯಜಮಾನರು," ಎಂದು ಲೆಟ್ಟಿ ಅಮೋಸ್‌ನ ತೋಳು ಹಿಡಿದು ತೋರಿಸಿದಳು.

ಬಡಿಸುವವಳು ಇಬ್ಬರನ್ನೂ ನೋಡಿದಳು. "ಅಯ್ಯೋ ಅಮ್ಮಾ, ಇಷ್ಟು ಎಳೇ ಗಂಡನ್ನ ಎಲ್ಲಿ ಹಿಡಿದ್ರಿ? ನಂಗೂ ಆ ಅಡ್ರೆಸ್ ಕೊಡಿ!"

"ಉಪ್ಪುನೀರಲ್ಲಿ ನೆನೆಸಿಟ್ಟಿದ್ದೆ. ಅದಕ್ಕೇ ಕೆಟ್ಟಿಲ್ಲ!" ಎಂದಳು ಲೆಟ್ಟಿ.

ಹೋಟೆಲೆಲ್ಲ ನಕ್ಕಿತು. ಅಮೋಸ್ ಕೂಡ. ಕೋರಾ ಮಾತ್ರ ಚಮಚ ಇಟ್ಟು ಹೊರಗೆ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ಅಮೋಸ್ ಹಿಂದೆಯೇ ಬಂದ.

"ಅವಳಿಗೆ ನಿಜ ಹೇಳಿ," ಎಂದಳು ಕೋರಾ. "ಜನ ಅವಳನ್ನ ನೋಡಿ ನಗ್ತಿದಾರೆ."

"ಅವರ ಜೋಕಿಗೆ ನಕ್ರು ಮೇಡಂ. ಅವರನ್ನ ನೋಡಿ ಅಲ್ಲ."

"ನಿಮಗೇನು ಗೊತ್ತು?"

ಅಮೋಸ್ ಕೋಟಿನ ಜೇಬಿಗೆ ಕೈ ತುರುಕಿಕೊಂಡ. ನೀರಿನ ಕಡೆ ನೋಡುತ್ತಾ ಹೇಳಿದ.

"ನಮ್ಮಮ್ಮಂಗೂ ಇದೇ ಆಗಿತ್ತು. ಅಪ್ಪ ಎಲ್ಲಿ ಅಂತ ಕೇಳೋಳು. ಸತ್ತು ಹತ್ತು ವರ್ಷ ಆಯ್ತಮ್ಮ ಅನ್ನೋನು ನಾನು. ನಿಜ ಹೇಳ್ಬೇಕು ಅಂತ ಹಟ. ಹೇಳಿದಾಗಲೆಲ್ಲ ಅವಳಿಗೆ ಅದು ಮೊದಲನೇ ಸಲ. ನೆಲಕ್ಕೆ ಬಿದ್ದು ಅಳೋಳು... ಒಂದ್ಗಂಟೆಗೆ ಮರೆತು ಮತ್ತೆ ಕೇಳೋಳು." ಅವನು ಕೋರಾಳ ಕಡೆ ತಿರುಗಿದ. "ನಾನು ನಮ್ಮಪ್ಪನ್ನ ನಲವತ್ತು ಸಲ ಸಾಯಿಸಿದೀನಿ ಮೇಡಂ. ಇನ್ನು ಯಾರಪ್ಪನ್ನೂ ಸಾಯ್ಸಲ್ಲ."

ಕೋರಾ ಅಮ್ಮನ ಮಾತ್ರೆ ತರಬೇಕೆಂದು ನೆಪ ಹೇಳಿ ಮುಖ ತಿರುಗಿಸಿ ನಡೆದಳು. ಔಷಧಿ ಅಂಗಡಿ ದಾಟಿ ಎಷ್ಟೋ ದೂರ ಹೋದ ಮೇಲೆ ಅವಳಿಗೆ ಎಚ್ಚರವಾಯಿತು... ಅಳುತ್ತಿದ್ದಳು.

ಆ ದಿನದಿಂದ ಅವಳು ಅವನನ್ನು ತಿದ್ದುವುದನ್ನು ಬಿಟ್ಟಳು.

* * *

ಓರಿಯೆಂಟಲ್ ಎಂಬ ಸೀಗಡಿ ದೋಣಿಗಳ ಊರಲ್ಲಿ ಎರಡು ದಿನ ಮಳೆ ಕಟ್ಟಿಹಾಕಿತು.

ಎರಡನೆಯ ಮಧ್ಯಾಹ್ನ ಕೋರಾ ಅಮ್ಮನನ್ನು ಮಲಗಿಸಿ, ಬಟ್ಟೆ ಒಗೆಯುವ ಅಂಗಡಿಗೆ ಓಡಿದಳು. ಗಾಜಿನ ಬಾಗಿಲಲ್ಲೇ ನಿಂತುಬಿಟ್ಟಳು.

ಒಳಗೆ ಅಮೋಸ್ ಒಬ್ಬನೇ. ಒಣಗಿದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಅಮ್ಮನ ನೈಟಿ ಮಡಚುತ್ತಿದ್ದ. ತೋಳುಗಳನ್ನು ಎದೆಯ ಮೇಲೆ ಸೇರಿಸಿ, ಕತ್ತಿನ ಪಟ್ಟಿಯನ್ನು ಅಂಗೈಯಲ್ಲಿ ತಿಕ್ಕಿ ಸರಿಮಾಡಿ... ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದ. ಹಗ್ಗ ಎಳೆದು ಒರಟಾದ ಆ ಕೈಗಳಲ್ಲಿ ಅಷ್ಟು ಮರ್ಯಾದೆ!

ಕೋರಾ ಬಾಗಿಲ ಹಿಡಿಕೆಯಿಂದ ಕೈ ಹಿಂತೆಗೆದುಕೊಂಡಳು.

'ಬೇಡ ಕೋರಾ,' ತನಗೆ ತಾನೇ ಹೇಳಿಕೊಂಡಳು. 'ಇದು ಬೇಡ.'

ಆದರೆ ಎರಡು ದಿನ ಕಳೆದು ಬೋಫರ್ಟ್‌ಗೆ ಬಂದಾಗ ಮನಸ್ಸು ಅವಳ ಮಾತು ಕೇಳಲಿಲ್ಲ. ಅಮೋಸ್ ಹುಟ್ಟಿ ಬೆಳೆದ ಸೀಮೆ ಅದು. ಎದುರಿನ ದ್ವೀಪದ ಮರಳಲ್ಲಿ ಕಾಡುಕುದುರೆಗಳು ಮೇಯುವುದನ್ನು ಲೆಟ್ಟಿಗೆ ದುರ್ಬೀನಿನಲ್ಲಿ ತೋರಿಸಿದ. ಹಳೆಯ ಓಕ್ ಮರಗಳ ಕೆಳಗಿನ ಗೋರಿಗಳ ಸಾಲಿನಲ್ಲಿ ಅವಳ ಕೈಹಿಡಿದು ನಡೆಸಿದ. ಲೆಟ್ಟಿ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರೆ, ಅವನು ಕೋರಾಳ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ.

"ಎಲ್ಲಾ ಗಿಲ್ಲಿಕಿನ್‌ಗಳೇ. ಹಾಜರಿ ಕರೀತಿದಾರೆ ನಿಮ್ಮಮ್ಮ. ನಮ್ಮ ಕಡೇವ್ರು ಬದುಕಿದ್ದಾಗ್ಲೂ ಓಗೊಡ್ತಿರ್ಲಿಲ್ಲ!"

ಕೋರಾ ನಕ್ಕುಬಿಟ್ಟಳು. ಎರಡು ವರ್ಷದಲ್ಲಿ ಮೊದಲ ಸಲ... ಸ್ಮಶಾನದಲ್ಲಿ ನಿಂತು, ಹೊಟ್ಟೆ ಹಿಡಿದು ನಕ್ಕಳು. ಅವನು ನಗದೆ ಅವಳನ್ನೇ ನೋಡುತ್ತಾ ನಿಂತಿದ್ದ. ಆ ನೋಟಕ್ಕೆ ಅವಳ ನಗು ಮೆಲ್ಲಗೆ ನಿಂತಿತು. ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸಿದರು.

ಸ್ವಾನ್ಸ್‌ಬರೋದ ಜೆಟ್ಟಿಯಲ್ಲಿ ಅದು ಆಯಿತು.

ಹಗ್ಗ ಕಟ್ಟುವಾಗ ಕೋರಾಳ ಅಂಗೈ ಸಿಗಿದು ರಕ್ತ ಬಂದಿತ್ತು. ಅಮೋಸ್ ಮೊಣಕಾಲೂರಿ ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಔಷಧಿ ಹಚ್ಚುತ್ತಿದ್ದ. ಪಟ್ಟಿ ಕಟ್ಟಿಯಾಯಿತು. ಆದರೂ ಅವನು ಕೈ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

"ಮೇಡಂ..." ಎಂದ ಅವನು.

"ಕೋರಾ ಅನ್ನಿ," ಎಂದಳು ಅವಳು.

"ಏಯ್!"

ದೋಣಿಯ ಕೋಣೆಯ ಬಾಗಿಲಲ್ಲಿ ಲೆಟ್ಟಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಮಗಳನ್ನು ಅವಳು ನೋಡುತ್ತಿದ್ದ ಬಗೆ... ಅದು ಯಾವುದೋ ಪರಕೀಯ ಹೆಂಗಸನ್ನು ನೋಡುವ ಬಗೆ.

"ಯಾರೇ ನೀನು? ನನ್ನ ಗಂಡನ ಮೇಲೆ ಕಣ್ಣು ಹಾಕ್ತೀಯಾ? ಮೂವತ್ತು ವರ್ಷ ಕಾದಿದೀನಿ ಇವನಿಗೆ! ಮೂವತ್ತು ವರ್ಷ! ಈಗ ಬಂದಿದಾನೆ... ಈಗ ನೀನು ಬಂದ್ಯಾ?"

"ಅಮ್ಮಾ, ನಾನು... ಕೋರಾ..."

"ನಂಗೆ ಯಾವ ಕೋರಾನೂ ಗೊತ್ತಿಲ್ಲ! ಹೋಗೇ!"

ಲೆಟ್ಟಿ ಕೈಯೆತ್ತಿದಳು. ಅಮೋಸ್ ಎದ್ದು ನಡುವೆ ಬಂದು, ಅವಳನ್ನು ಮೆಲ್ಲಗೆ ಒಳಗೆ ಕರೆದೊಯ್ದ. "ನಾನಿಲ್ಲೇ ಇದೀನಲ್ಲ ಲೆಟ್ಟಿ. ಎಲ್ಲೂ ಹೋಗಲ್ಲ..." ಅವನ ಮಾತು ಗೋಡೆಯಾಚೆ ಕೇಳಿಸುತ್ತಲೇ ಇತ್ತು.

ಕೋರಾ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹಾಗೇ ಕೂತಳು. ಅಮ್ಮನಿಗೆ ಈ ಲೋಕದಲ್ಲಿ ಉಳಿದಿರುವುದು ಒಂದೇ ಒಂದು ಸುಖ. ಅದನ್ನೂ ತಾನು ಕದಿಯಹೊರಟಿದ್ದಳಲ್ಲ!

ಮರುದಿನದಿಂದ ಅವಳು ಅಮೋಸ್‌ನ ಜೊತೆ ದಾರಿ, ಡೀಸೆಲ್, ಊಟ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮತ್ತೆ "ಮೇಡಂ" ಆದಳು.

* * *

ಸೌತ್‌ಪೋರ್ಟ್. ಡಿಸೆಂಬರ್ ಐದು. ಬೆಳಿಗ್ಗೆಯೇ ಎವರೆಟ್‌ನ ಫೋನ್.

"ಎಷ್ಟು ದಿನ ಅಂತ ದೋಣಿ ಆಟ ಆಡ್ತೀಯಾ? ಕ್ರಿಸ್‌ಮಸ್ ಒಳಗೆ ಅಮ್ಮನ್ನ ಸೇರಿಸಲೇಬೇಕು. ನೀನು ಮಾಡ್ದಿದ್ರೆ ನಾನು ಮಾಡ್ತೀನಿ."

ಕೋರಾ ಫೋನ್ ಕುಕ್ಕಿದಳು. ಅಮೋಸ್ ದಡದಲ್ಲಿ ನೀರು ತುಂಬಿಸುತ್ತಿದ್ದ. ಅವನ ಒದ್ದೆ ಮಳೆಕೋಟನ್ನು ಒಲೆಯ ಬಳಿ ಹರವಲು ಎತ್ತಿಕೊಂಡಳು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದು ಬಿತ್ತು.

ಜಾರ್ಜ್‌ಟೌನ್‌ನ ಒಂದು ವೃದ್ಧಾಶ್ರಮದ ಕರಪತ್ರ. ಅಂಚಿನಲ್ಲಿ ಅಮೋಸ್‌ನ ಕೈಬರಹ:

'ಮಿಸೆಸ್ ಬೆಲ್ಲಮಿ. ಡಿಸೆಂಬರ್ 12. ನದಿ ಕಡೆಯ ಕೋಣೆ. ಮಗಳಿಗೆ ಈಗ ಹೇಳಬಾರದು.'

ಕೋರಾ ಅದನ್ನು ಮತ್ತೊಮ್ಮೆ ಓದಿದಳು. ಆ ನಗು, ಆ ಮಡಚಿದ ನೈಟಿ, ಆ ಪಟ್ಟಿ ಕಟ್ಟಿದ ಕೈ... ಎಲ್ಲ ಇದಕ್ಕಾ?

ಅವನು ಒಳಗೆ ಬಂದ ಕೂಡಲೇ ಕಾಗದವನ್ನು ಮುಖದೆದುರು ಹಿಡಿದಳು.

"ನಮ್ಮಣ್ಣ ಕಳಿಸಿದ್ನಾ ನಿಮ್ಮನ್ನ?"

ಅಮೋಸ್‌ನ ಮುಖ ಕಳೆಗುಂದಿತು. "ನಿಮ್ಮಣ್ಣನ್ನ ನಾನು ನೋಡೇ ಇಲ್ಲ."

"ಮತ್ತೆ ಇದು? ಇದು ನಿಮ್ಮ ಅಕ್ಷರ ಅಲ್ವಾ?"

"ನಂದೇ."

"ಯಾಕೆ? ಹೇಳಿ! ಒಂದು ಕಾರಣ ಹೇಳಿ, ನಂಬ್ತೀನಿ!" ಅವಳು ಬೇಡುತ್ತಿದ್ದಳು. ನಿಜಕ್ಕೂ ಅವಳಿಗೆ ನಂಬಬೇಕಿತ್ತು.

ಅವನು ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಲೆಟ್ಟಿಯ ಕಡೆ ಒಮ್ಮೆ ನೋಡಿದ.

"ಮಾತು ಕೊಟ್ಟಿದೀನಿ. ಹೇಳಕ್ಕಾಗಲ್ಲ."

"ಹಾಗಾದ್ರೆ ಇಳೀರಿ. ಈಗ್ಲೇ!"

ಅವನು ವಾದ ಮಾಡಲಿಲ್ಲ. ಕೋಟು ತೊಟ್ಟು, ಚೀಲ ಹೆಗಲಿಗೇರಿಸಿ ಜೆಟ್ಟಿಗೆ ಕಾಲಿಟ್ಟವನು ಒಮ್ಮೆ ತಿರುಗಿದ.

"ಲಾಕ್‌ವುಡ್ಸ್ ಫಾಲಿ ಅಳಿವೆ ಹತ್ರ ನಕ್ಷೆ ನಂಬ್ಕೊಂಡು ಹೋಗ್ಬೇಡಿ. ಅಲ್ಲಿ ಮರಳು ಜಾಗ ಬದಲಾಯಿಸಿದೆ. ನೀರು ಇಳಿಯೋ ಹೊತ್ತಲ್ಲಂತೂ ಬೇಡ್ವೇ ಬೇಡ."

"ನಿಮ್ಮ ಉಪದೇಶ ನಂಗೆ ಬೇಡ!"

ಇಷ್ಟು ದಿನ ನೋಡಿ ಕಲಿತ ಧೈರ್ಯದಲ್ಲಿ ಕೋರಾ ತಾನೇ ಚುಕ್ಕಾಣಿ ಹಿಡಿದಳು. ಇಂಜಿನ್ ಸದ್ದಿಗೆ ಲೆಟ್ಟಿ ಎಚ್ಚರಗೊಂಡಳು. ಕಿಟಕಿಯಾಚೆ, ದೂರ ಹೋಗುತ್ತಿದ್ದ ಹಳದಿ ಕೋಟನ್ನು ನೋಡಿದಳು.

"ಹಾರ್ಲನ್ ಮತ್ತೆ ಡ್ಯೂಟಿಗೆ ಹೋದ್ನಾ?" ಎಂದು ಕೇಳಿದಳು. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡಳು. "ಯಾವಾಗ್ಲೂ ಹೀಗೇ. ಸರಿಯಾಗಿ ಮುಖ ನೋಡೋಕ್ಮುಂಚೆ ಹೊರಟಿರ್ತಾನೆ."

* * *

ಎರಡು ಗಂಟೆಯ ದಾರಿಯೂ ಸಾಗಲಿಲ್ಲ.

ಅಳಿವೆಯ ಬಳಿ ದೋಣಿ ಒಮ್ಮೆ ತಡವರಿಸಿತು, ಇನ್ನೊಮ್ಮೆ ಉಜ್ಜಿತು, ನಿಂತೇಹೋಯಿತು. ಕೋರಾ ಇಂಜಿನ್ ಜೋರು ಮಾಡಿದಳು. ಕೆಸರು ಕುದಿದದ್ದೇ ಬಂತು. ಸುತ್ತ ನೀರು ಇಳಿಯುತ್ತಿತ್ತು. ಅರ್ಧ ಗಂಟೆಗೆ ದೋಣಿ ಬಲಕ್ಕೆ ವಾಲಿತು. ಕಪ್ಪು, ಬಸಿ, ಬಾಣಲೆ ಎಲ್ಲ ಜಾರಿ ನೆಲಕ್ಕೆ ಬಿದ್ದವು.

ಅಮ್ಮ ಹೆದರಿ ಕಿರುಚುತ್ತಾಳೆ ಎಂದುಕೊಂಡಳು ಕೋರಾ. ಆದರೆ ಲೆಟ್ಟಿ ವಾಲಿದ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಹೊರಗೆ ಬೆತ್ತಲಾದ ಕೆಸರು, ಸಿಂಪಿಯ ಚಿಪ್ಪುಗಳ ಚಟಪಟ ಸದ್ದು, ಒಂದೇ ಒಂದು ಬಿಳಿ ಕೊಕ್ಕರೆ.

"ಇಳಿತ ಇದು. ಐದಾರು ಗಂಟೆ ಕೂರ್ಬೇಕು," ಎಂದಳು ಲೆಟ್ಟಿ. "ನಿಮ್ಮಪ್ಪ ಹೇಳ್ತಿದ್ರು."

ನಿಮ್ಮಪ್ಪ! ಕೋರಾ ಗಕ್ಕನೆ ತಿರುಗಿದಳು. ಅಮ್ಮನ ಕಣ್ಣು ತಿಳಿಯಾಗಿತ್ತು. ಎಷ್ಟೋ ತಿಂಗಳಿಂದ ಕಾಣದ ತಿಳಿ.

"ಅಮ್ಮಾ... ನಾನ್ಯಾರು?"

"ಹುಚ್ಚೀ. ಇಲ್ಲಿ ಬಾ, ಪಕ್ಕದಲ್ಲಿ ಕೂತ್ಕೋ. ಇದು ಎಷ್ಟು ಹೊತ್ತು ಇರುತ್ತೋ ನಂಗೆ ಗೊತ್ತಿಲ್ಲ." ಮಗಳ ಜೇಬಿನಲ್ಲಿ ಮುದುಡಿ ಇಣುಕುತ್ತಿದ್ದ ಕಾಗದವನ್ನು ಅವಳು ಎಳೆದು ಬಿಡಿಸಿ ನೋಡಿದಳು. "ಇದು ನಂದು ಕಣೇ."

"ಏನು?"

"ಬೆಲ್‌ಹೇವನ್ನಲ್ಲಿ... ನೀನು ಮಾತ್ರೆ ತರೋಕೆ ಹೋಗಿದ್ದೆ. ಅರ್ಧ ಗಂಟೆ ನನ್ನ ತಲೆ ಹೀಗೇ ತಿಳಿಯಾಯ್ತು. ನಾನೇ ಅವನ್ನ ಕೂರಿಸ್ಕೊಂಡು ಹೇಳ್ದೆ, ಜಾರ್ಜ್‌ಟೌನಿಗೆ ಫೋನ್ ಮಾಡಪ್ಪಾ, ನಂಗೊಂದು ಕೋಣೆ ಹಿಡೀ ಅಂತ. ಒಲ್ಲೆ ಅಂದ. ಮಗಳಿಗೆ ಹೇಳಿ ಅಂದ. ನಾನು ಬಿಡಲಿಲ್ಲ. ಫೋನ್‌ನಲ್ಲಿ ನಾನೇ ಮಾತಾಡ್ದೆ. ಅವನು ಬರ್ಕೊಂಡ. ಊರು ಮುಟ್ಟೋವರೆಗೂ ನಿಂಗೆ ಹೇಳ್ಬೇಡ ಅಂತ ಅವನ ಕೈಲಿ ಆಣೆ ಹಾಕಿಸ್ಕೊಂಡೆ."

"ಯಾಕಮ್ಮಾ? ನಾನು ನೋಡ್ಕೊಳ್ತಿಲ್ವಾ?"

"ಅದಕ್ಕೇ." ಲೆಟ್ಟಿ ಮಗಳ ಕೆನ್ನೆ ಸವರಿದಳು. "ನಾನು ಮೂವತ್ತು ವರ್ಷ ಕಿಟಕೀಲಿ ಕೂತು ಕಾದೋಳು. ಮನೇಲಿ ಕೂತು ಜೀವ ಸವೆಸೋದು ಹೇಗಿರುತ್ತೆ ಅಂತ ನಂಗೊತ್ತು. ನಿಂಗೆ ಅದು ಬೇಡ."

ಕೋರಾ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಲೆಟ್ಟಿ ಅವಳ ಕೂದಲಲ್ಲಿ ಬೆರಳಾಡಿಸುತ್ತಿದ್ದಳು.

"ಅವನು ಹಾರ್ಲನ್ ಅಲ್ಲ ಅಂತ ಗೊತ್ತು ನಂಗೆ. ಕೆಲವು ಸಲ ಗೊತ್ತಿರುತ್ತೆ. ನಿಮ್ಮಪ್ಪ ಒಂದು ದಿನಾನೂ ಕಪ್ ತೊಳೆದೋರಲ್ಲ!"

ಅಳುವಿನ ನಡುವೆ ಕೋರಾಗೆ ನಗು ಬಂತು. ತಲೆಯೆತ್ತಿ, ಧೈರ್ಯ ಮಾಡಿ ಕೇಳಿದಳು.

"ಅಮ್ಮಾ... ಸ್ವಾನ್ಸ್‌ಬರೋದಲ್ಲಿ ನೀನು ನಂಗೆ ಹೇಳಿದ್ದು..."

"ಏನ್ ಹೇಳ್ದೆ?"

ಅಮ್ಮನಿಗೆ ನೆನಪಿರಲಿಲ್ಲ. ನೆನಪಿಲ್ಲದ ಮಾತಿಗೆ ಕ್ಷಮೆ ಎಲ್ಲಿಂದ ಸಿಗಬೇಕು?

"ಏನಿಲ್ಲಮ್ಮ."

ಲೆಟ್ಟಿ ಕಿಟಕಿಯಾಚೆ ನೋಡಿದಳು. ಕೊಕ್ಕರೆ ಹಾರಿಹೋಗಿತ್ತು. ಅವಳು ಮತ್ತೆ ತಿರುಗಿದಾಗ ಕಣ್ಣಿನ ಆ ತಿಳಿಯೂ ಹೊರಟುಹೋಗಿತ್ತು.

"ಹಾರ್ಲನ್ ಎಷ್ಟೊತ್ತಿಗೆ ಬರ್ತಾನೆ?"

ಕೋರಾ ಕಣ್ಣೊರೆಸಿಕೊಂಡಳು. ಮೊದಲ ಸಲ ಅವಳ ಬಾಯಿಂದಲೂ ಆ ಮಾತು ಬಂತು.

"ಬರ್ತಾರಮ್ಮ. ಈಗ ಕರೀತೀನಿ."

ಒಂದೇ ರಿಂಗಿಗೆ ಅಮೋಸ್ ಫೋನ್ ಎತ್ತಿದ. "ಎಲ್ಲಿ ಸಿಕ್ಕಾಕ್ಕೊಂಡಿದೀರಿ?"

"ಸಿಕ್ಕಾಕ್ಕೊಂಡಿದೀನಿ ಅಂತ ಯಾರು ಹೇಳಿದ್ರು?"

"ಇಲ್ಲಾಂದ್ರೆ ನನಗ್ಯಾಕೆ ಫೋನ್ ಮಾಡ್ತೀರಿ?"

"ಕ್ಷಮಿಸಿ ಅಂತ ಹೇಳೋಕೆ," ಎಂದಳು ಕೋರಾ. "ನೀವು ಬೇಡ ಅಂದಿದ್ದ ಅಳಿವೇಲೇ ಇದೀವಿ."

"ಇಂಜಿನ್ ಮುಟ್ಬೇಡಿ. ಬರ್ತಿದೀನಿ."

ಸಿಂಪಿ ಹಿಡಿಯುವವರ ಚಪ್ಪಟೆ ದೋಣಿಯೊಂದರಲ್ಲಿ, ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ಅವನು ಬಂದ. ಉಬ್ಬರ ಏರುವವರೆಗೂ ಮೂವರೂ ವಾಲಿದ ದೋಣಿಯಲ್ಲಿ ಒಬ್ಬರಿಗೊಬ್ಬರು ಒರಗಿ ಕೂತರು. ಸಂಜೆಗೆ ಮುಂಚೆ ದೋಣಿ ಮೆಲ್ಲಗೆ ನೆಟ್ಟಗಾಯಿತು.

* * *

ವ್ಯಾಕಮಾ ನದಿಯ ಉದ್ದಕ್ಕೂ ಮಂಜು. ಕಪ್ಪು ನೀರಲ್ಲಿ ಸೈಪ್ರೆಸ್ ಮರಗಳು ಕಾಲು ಮುಳುಗಿಸಿ ನಿಂತಿದ್ದವು. ಜಾರ್ಜ್‌ಟೌನ್ ಹತ್ತಿರವಾದಾಗ ಕಾಗದದ ಮಿಲ್ಲಿನ ಹುಳಿವಾಸನೆ ಬಂತು. ಲೆಟ್ಟಿ ಮೂಗೆತ್ತಿ ಉಸಿರೆಳೆದುಕೊಂಡಳು.

"ನಮ್ಮೂರು!" ಎಂದಳು.

ಹನ್ನೆರಡನೆಯ ತಾರೀಖು ಅವಳನ್ನು ನದಿ ಕಡೆಯ ಕೋಣೆಗೆ ಸೇರಿಸಿದರು. ತಾನು ಎಲ್ಲಿಗೆ ಬಂದೆನೆಂದು ಅವಳಿಗೆ ತಿಳಿಯಿತೋ ಇಲ್ಲವೋ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತವಳು, "ನೀವು ಹೊರಡಿ, ಕತ್ತಲಾಗುತ್ತೆ," ಎಂದಳು. ಅಮೋಸ್‌ನ ಕೆನ್ನೆಗೆ ಮುತ್ತಿಟ್ಟು, "ಬೇಗ ಬಾ ಹಾರ್ಲನ್," ಎಂದಳು.

ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ನಿಂತರು.

"ನನ್ನ ಕೆಲಸ ಮುಗೀತು. ಆದ್ರೂ ಇಲ್ಲೇ ಇರಬಹುದಾ ಅಂತ ಕೇಳ್ಬೇಕು ಅನ್ಸ್ತಿದೆ," ಎಂದ ಅಮೋಸ್.

ಆ ಮಾತಿಗಾಗಿ ಕೋರಾಳ ಪ್ರಾಣವೇ ಕಾದಿತ್ತು. ಆದರೂ ಬೇಡವೆಂದು ತಲೆಯಾಡಿಸಿದಳು.

"ಅವಳ ಪಾಲಿಗೆ ಗಂಡ ಬಂದಿದಾನೆ. ನನ್ನನ್ನೇ ಮರೆತ್ರೂ ಅದನ್ನ ಮರೆತಿಲ್ಲ. ನೀವಿಲ್ಲಿದ್ರೆ ನಂಗೆ ದೂರ ಇರೋಕಾಗಲ್ಲ. ಅವಳ ಗಂಡನ್ನ ನಾನು ಹೇಗೆ ಕಿತ್ಕೊಳ್ಳಲಿ?"

"ನಾನು ಕಾಯ್ತೀನಿ."

"ಯಾವುದಕ್ಕೆ ಕಾಯ್ತೀರಿ ಅಮೋಸ್? ಅವಳು ನಿಮ್ಮನ್ನೂ ಮರೆಯೋದಕ್ಕಾ?"

ಅಮೋಸ್ ಮರುದಿನದ ಬಸ್ಸಿಗೆ ಉತ್ತರಕ್ಕೆ ಹೋದ.

ಕೋರಾ ಜೆಟ್ಟಿಯಲ್ಲಿ ಕಟ್ಟಿದ ದೋಣಿಯಲ್ಲೇ ಉಳಿದಳು. ಊರಿನ ದಂತವೈದ್ಯರೊಬ್ಬರ ಬಳಿ ಕೆಲಸ ಹಿಡಿದಳು. ದಿನಾ ಸಂಜೆ ಅಮ್ಮನ ಕೋಣೆ. ದಿನಾ ಅದೇ ಪ್ರಶ್ನೆ.

"ಹಾರ್ಲನ್ ಎಲ್ಲಿ?"

"ಡ್ಯೂಟಿಗೆ ಹೋಗಿದಾರಮ್ಮ. ಬರ್ತಾರೆ."

ಕ್ರಿಸ್‌ಮಸ್ ಹೋಯಿತು. ಜನವರಿ ಹೋಯಿತು. ಅಮ್ಮನ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಕೋರಾ ದಿನಕ್ಕೆ ಹತ್ತು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಡುತ್ತಿದ್ದಳು.

ಫೆಬ್ರವರಿಯ ಒಂದು ಸಂಜೆ ಲೆಟ್ಟಿ ಆ ಪ್ರಶ್ನೆ ಕೇಳಲಿಲ್ಲ.

ಕೋರಾ ಕಾದಳು. ಒಂದು ಗಂಟೆ ಕಾದಳು. ಕೊನೆಗೆ ತಾನೇ ಮೆಲ್ಲಗೆ ಹೇಳಿ ನೋಡಿದಳು. "ಅಮ್ಮಾ, ಹಾರ್ಲನ್..."

"ಯಾರು?" ಎಂದಳು ಲೆಟ್ಟಿ.

ಕೋರಾ ಹಜಾರಕ್ಕೆ ಬಂದಳು. ಇದೇ ಅಲ್ಲವೇ ಅವಳನ್ನು ಕಟ್ಟಿಹಾಕಿದ್ದ ಹಗ್ಗ? ಅದು ಬಿಚ್ಚಿತ್ತು. ಹಗುರಾಗಬೇಕಿತ್ತು... ಅಪ್ಪ ಇವತ್ತು ಮತ್ತೊಮ್ಮೆ ಸತ್ತಂತಾಗಿತ್ತು! ಫೋನ್ ಒತ್ತಿದಳು.

"ಅವಳು ಇವತ್ತು ಕೇಳಲಿಲ್ಲ ಅಮೋಸ್."

"ನಾಳೆ ಅಲ್ಲಿರ್ತೀನಿ," ಎಂದ ಅವನು.

* * *

ಮರುದಿನ ಮಧ್ಯಾಹ್ನ ಅವನು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ತೆಳ್ಳಗಾಗಿದ್ದ. ಕೋರಾ ಅಮ್ಮನಿಗೆ ಸೂಪು ಕುಡಿಸುತ್ತಿದ್ದವಳು ಚಮಚ ಹಿಡಿದಂತೆಯೇ ಉಳಿದಳು.

ಅವನು ಬಂದು ಲೆಟ್ಟಿಯೆದುರು ಮೊಣಕಾಲೂರಿದ. ಲೆಟ್ಟಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹುಡುಕಿದಳು. ಸಿಗಲಿಲ್ಲ.

"ಇವರ್ಯಾರು?" ಎಂದು ಕೋರಾಳನ್ನು ಕೇಳಿದಳು.

ಅಮೋಸ್‌ನ ಕಣ್ಣು ತುಂಬಿತು. "ನಾನು ಅಮೋಸ್, ಲೆಟ್ಟಿ ಮೇಡಂ."

"ಯಾರ ಕಡೆಯೋನು?"

ಕಿಟಕಿಯಾಚೆ ನದಿ, ಬೂದುಬಣ್ಣದ ಬೆಳಕು. ಅಮೋಸ್ ಕೋರಾಳ ಕಡೆ ನೋಡಲಿಲ್ಲ. ಉತ್ತರವನ್ನು ಅವಳಿಗೇ ಬಿಟ್ಟಿದ್ದ.

ಕೋರಾ ಬಟ್ಟಲು ಕೆಳಗಿಟ್ಟಳು.

"ನನ್ನೋನಮ್ಮ," ಎಂದಳು. "ಇವನು ನನ್ನೋನು."

ಲೆಟ್ಟಿ ತಲೆದೂಗಿದಳು. ಅಮೋಸ್‌ನ ಕೈಯನ್ನು ಎತ್ತಿ ತಿರುಗಿಸಿ ನೋಡಿದಳು. "ನೀರಿನ ಮೇಲೆ ಕೆಲಸ ಮಾಡೋ ಕೈ. ಮನೇಲಿ ಇರ್ತಾನಾ, ಇಲ್ಲ ಬರೀ ಹೋಗ್ತಿರ್ತಾನಾ?"

"ಇರ್ತೀನಿ ಮೇಡಂ," ಎಂದ ಅಮೋಸ್. "ಇಲ್ಲೇ ಇರ್ತೀನಿ."

"ಹಾಗಾದ್ರೆ ಒಳ್ಳೇದು. ಕೂತ್ಕೊಳ್ಳೋಕೆ ಹೇಳು ಅವನಿಗೆ. ಎಷ್ಟೊತ್ತು ನೆಲದ ಮೇಲೆ ಕೂರಿಸ್ತೀಯಾ!"

ಇಷ್ಟು ಹೇಳಿ ಅವಳು ನದಿಯ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲೇ ನಿದ್ದೆ ಹೋದಳು.

ಹೊರಗೆ ತುಂತುರು ಮಳೆ ಶುರುವಾಗಿತ್ತು. ಮೆಟ್ಟಿಲ ಮೇಲೆ, ಎರಡು ತಿಂಗಳ ಹಿಂದೆ ಬೀಳ್ಕೊಟ್ಟ ಅದೇ ಜಾಗದಲ್ಲಿ, ಕೋರಾ ಅವನ ಎದೆಗೆ ಹಣೆಯಿಟ್ಟಳು. ಅವನ ತೋಳುಗಳು ಅವಳನ್ನು ಸುತ್ತಿದವು.

"ಕೋರಾ..."

"ಹೂಂ."

"ನಾಳೆ ಬಂದ್ರೆ ಅವರಿಗೆ ಇದೂ ನೆನಪಿರಲ್ಲ. ನಾನ್ಯಾರು ಅಂತ ಮತ್ತೆ ಕೇಳ್ತಾರೆ. ದಿನಾ ಕೇಳ್ತಾರೆ."

ಕೋರಾ ಮುಖವೆತ್ತಲಿಲ್ಲ. ಅವನ ಕೋಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಕೇಳಲಿ ಬಿಡು. ದಿನಾ ಹೇಳ್ತೀನಿ."